ಹನ್ನೊಂದು ಸಲ ಇಲ್ಲ

ವಿಮೆ ಏಜೆಂಟಳಾಗಿ ಇಪ್ಪತ್ತೆರಡು ವರ್ಷವಾಯಿತು. ಬ್ಯಾಗಿನಲ್ಲಿ ಪೆನ್ನು ಇಲ್ಲದಿದ್ದರೂ ನಡೆಯುತ್ತದೆ, ಯಾರಾದರೂ ಕೊಡುತ್ತಾರೆ. ಪೆನ್ಸಿಲ್ ಇಲ್ಲದಿದ್ದರೆ ಮಾತ್ರ ನನಗೆ ಕೈಯೇ ಆಡುವುದಿಲ್ಲ. ಅರ್ಜಿಯಲ್ಲಿ ಸಹಿ ಬೀಳಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಸಣ್ಣದೊಂದು ಇಂಟು ಮಾರ್ಕು ಹಾಕಿ ಜನರ ಮುಂದಿಡುತ್ತೇನೆ. ಅವರು ಮಾರ್ಕು ಹುಡುಕಿ ಹುಡುಕಿ ಸಹಿ ಹಾಕುತ್ತಾರೆ. ಅದರ ಮೇಲೆ ಏನಿದೆ, ಕೆಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಉಳಿದದ್ದನ್ನೆಲ್ಲ ನಾನು ಆಮೇಲೆ ಕೂತು ತುಂಬಿ, ಮಾರ್ಕುಗಳನ್ನು ರಬ್ಬರಿನಿಂದ ಅಳಿಸಿ ಬ್ರಾಂಚಿಗೆ ಕೊಡುತ್ತೇನೆ. ಹೀಗೆ ಮಾಡಬಾರದು ಎಂದು ತರಬೇತಿಯ ಮೊದಲನೇ ದಿನ ಹೇಳಿಕೊಟ್ಟಿದ್ದರು. ಹೀಗೇ ಮಾಡಬೇಕು ಎಂದು ಹಳೇ ಏಜೆಂಟರು ಎರಡನೇ ದಿನ ತೋರಿಸಿಕೊಟ್ಟರು.

ಈಗಿನವರು ಎಲ್ಲವನ್ನೂ ಮೊಬೈಲಿನಲ್ಲೇ ತುಂಬಿ ಕಳಿಸಿಬಿಡುತ್ತಾರೆ. ನಾನು ಕಾಗದದವಳು. ನನ್ನ ಅಕ್ಷರ ದುಂಡಗಿದೆ ಎಂದು ಬ್ರಾಂಚಿನ ಗುಮಾಸ್ತರು ಹೊಗಳುತ್ತಾರೆ, ನನಗೂ ಆ ಜಂಬ ಇದೆ. ಅರ್ಜಿಯ ಮೂರನೇ ಪುಟದಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ. ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ಎದೆನೋವು ಬಂದಿತ್ತೇ, ಆಸ್ಪತ್ರೆಗೆ ಸೇರಿದ್ದಿರೇ ಎಂದು ಒಟ್ಟು ಹನ್ನೊಂದು. ಆ ಪ್ರಶ್ನೆಗಳನ್ನು ಓದುವುದನ್ನು ನಾನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ ಎಂದು ಹನ್ನೊಂದು ಸಲ ಬರೆದು ಪುಟ ತಿರುಗಿಸುತ್ತಿದ್ದೆ.

ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ನಾನು ಈ ಕೆಲಸಕ್ಕೆ ಇಳಿದದ್ದು. ಅವರು ಆಮೇಲೆ ಒಂದು ವ್ಯಾನ್ ಕೊಂಡು ಶಾಲೆಯ ಮಕ್ಕಳನ್ನು ಬಿಡಲು ಶುರುಮಾಡಿದರು. ನಾನು ಸ್ಕೂಟರ್ ಹತ್ತಿದೆ. ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಯಲ್ಲಿ ಗೋಡೆಗಡಿಯಾರಗಳು ಐದಿದ್ದವು, ಈಗ ಆರಿವೆ. ವರ್ಷಕ್ಕೆ ಇಷ್ಟು ಪಾಲಿಸಿ ಎಂದು ಮಾಡಿದವರನ್ನು ಕಂಪನಿ ಒಂದು ಕ್ಲಬ್ಬಿಗೆ ಸೇರಿಸಿ, ವೇದಿಕೆಗೆ ಕರೆದು, ಹಾರ ಹಾಕಿ, ಗಡಿಯಾರ ಕೊಡುತ್ತದೆ. ಕಂಪನಿಗೆ ಬೇರೆ ಸಾಮಾನೇ ಗೊತ್ತಿಲ್ಲವೇನೋ. ಆದರೂ ಸುಳ್ಳು ಯಾಕೆ ಹೇಳಲಿ, ಆ ವೇದಿಕೆ ಹತ್ತುವಾಗ ನನಗೆ ತುಂಬ ಖುಷಿಯಾಗುತ್ತಿತ್ತು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವಳು ನಾನು. ನನ್ನ ಹೆಸರನ್ನು ಮೈಕಿನಲ್ಲಿ ಕರೆದು ಚಪ್ಪಾಳೆ ತಟ್ಟುವ ಜಾಗ ಬೇರೆ ಎಲ್ಲಿತ್ತು?

ಆ ಖುಷಿ ವರ್ಷಕ್ಕೆ ಒಂದು ಸಂಜೆಯದು. ಉಳಿದ ದಿನಗಳೆಲ್ಲ ಬೇರೆಯವರ ಗೇಟಿನ ಮುಂದೆ ಕಳೆಯುತ್ತವೆ. ಯಾದವಗಿರಿಯಲ್ಲಿ ಒಬ್ಬರು ನಿವೃತ್ತ ಅಧಿಕಾರಿ ಇದ್ದಾರೆ. ನಾಲ್ಕು ವರ್ಷ ನನ್ನನ್ನು ವರಾಂಡದಲ್ಲಿ ಕೂರಿಸಿಕೊಂಡು ತಮ್ಮ ಸರ್ವೀಸಿನ ಕಥೆಯನ್ನೆಲ್ಲ ಹೇಳಿದರು. ಅವರು ಬೀದರಿಗೆ ವರ್ಗವಾಗಿ ಹೋದಾಗ ಯಾವ ಪೆಟ್ಟಿಗೆಯಲ್ಲಿ ಏನು ತುಂಬಿದ್ದರು ಎಂಬುದೂ ನನಗೆ ಬಾಯಿಪಾಠ. ಐದನೇ ವರ್ಷ ತಮ್ಮ ಸೋದರಳಿಯನೇ ಏಜೆಂಟನಾದ ಎಂದು ಹೇಳಿ ಅವನಿಗೆ ಪಾಲಿಸಿ ಕೊಟ್ಟರು. ನನಗೆ ಅವತ್ತೂ ಕಾಫಿ ಕೊಟ್ಟರು. ಸ್ಕೂಟರ್ ಸ್ಟಾರ್ಟ್ ಮಾಡುವಾಗ ಅವರನ್ನು ಮನಸ್ಸಿನಲ್ಲೇ ಏನೇನು ಬೈದೆನೋ ಇಲ್ಲಿ ಬರೆಯುವಂಥದ್ದಲ್ಲ.

ಬಂಗಲೆಗಳಲ್ಲಿ ನನ್ನನ್ನು ಮೇಡಂ ಎನ್ನುತ್ತಾರೆ. ಮೇಡಂ ಎಂದರೆ ಗೇಟಿನವರೆಗೆ. ನಮ್ಮ ಊರ ಕಡೆಯಿಂದ ಬಂದು ಇಲ್ಲಿ ಫ್ಯಾಕ್ಟರಿ, ಗ್ಯಾರೇಜು, ಅಂಗಡಿ ಅಂತ ನೆಲೆನಿಂತವರು ನನ್ನನ್ನು ಅಕ್ಕ ಎನ್ನುತ್ತಾರೆ. ಅಕ್ಕ ಎಂದರೆ ಅಡುಗೆಮನೆಯವರೆಗೆ. ನಾನು ಹೊಟ್ಟೆ ಹೊರೆದದ್ದು ಆ ಒಂದು ಮಾತಿನಿಂದ. ‘ನೀವ್ ಬರೆದ್ರೂ ಒಂದೇ, ನಾವ್ ಬರೆದ್ರೂ ಒಂದೇ, ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ ಅಕ್ಕ’ ಎಂದು ಎಷ್ಟು ಜನ ಅಂದಿದ್ದಾರೋ ಲೆಕ್ಕವಿಲ್ಲ. ಮೊದಮೊದಲು ಇದು ಹೆಮ್ಮೆ ಅನ್ನಿಸುತ್ತಿತ್ತು. ಬರಬರುತ್ತಾ, ನನ್ನ ನೆಂಟರು, ಗೆಳತಿಯರು, ಅಕ್ಕಪಕ್ಕದವರು ಎಲ್ಲರೂ ನನ್ನ ಪಾಲಿಸಿದಾರರೇ ಆಗಿಬಿಟ್ಟರು. ನನ್ನ ಕಷ್ಟ ಹೇಳಿಕೊಳ್ಳೋಣ ಎಂದರೆ ಪಾಲಿಸಿ ಮಾಡಿಸದ ಒಂದು ಮನೆಯೂ ಉಳಿದಿರಲಿಲ್ಲ. ಇನ್ನೂ ಮಾಡಿಸದ ದೂರದ ಪರಿಚಯದವರು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಚಿಕ್ಕಪ್ಪನ ಮನೆಗೆ ಸಾವಿಗೆ ಹೋದಾಗ, ನನ್ನ ಬ್ಯಾಗ್ ನೋಡಿ ನೆಂಟರವಳೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದು ಇಬ್ಬರೂ ಮುಖ ತಿರುಗಿಸಿದರು. ಬ್ಯಾಗಿನಲ್ಲಿ ಇದ್ದದ್ದು ಹಾರ.

ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳಬಹುದು. ಬಿಡುವುದು ಹೇಗೆ? ರಾಜೀನಾಮೆ ಕೊಡೋಣ ಎಂದರೆ ನನಗೆ ಸಂಬಳ ಕೊಡುವವರಿಲ್ಲ, ರಜ ಕೊಡುವವರೂ ಇಲ್ಲ. ಹಳೇ ಪಾಲಿಸಿಗಳಿಂದ ವರ್ಷ ವರ್ಷ ಬರುವ ಕಮಿಷನ್ನಿನಲ್ಲೇ ಮನೆ ನಡೆಯಬೇಕು. ಏಜೆನ್ಸಿ ಹೋದರೆ ಅದೂ ಹೋದಂತೆ. ಕೆಲಸ ಬಿಟ್ಟರೆ ಅಕ್ಕ ಕೈಕೊಟ್ಟಳು ಎಂದು ನೂರಾರು ಮನೆಗಳಲ್ಲಿ ಮಾತಾಗುತ್ತದೆ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ, ಆದರೆ ಎದ್ದು ಹೋಗಲು ದಾರಿಯೂ ಇರಲಿಲ್ಲ.

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಕೊನೆಯ ವಾರ. ಕ್ಲಬ್ಬಿಗೆ ನನಗೆ ಇನ್ನೊಂದು ಪಾಲಿಸಿ ಬೇಕಿತ್ತು. ಆ ವರ್ಷ ತಪ್ಪಿದರೆ ಕ್ಲಬ್ಬಿನಿಂದ ಕೆಳಗಿಳಿಸುತ್ತಾರೆ ಎಂದು ನಮ್ಮ ಮೇಲಿನ ಆಫೀಸರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫೋನ್ ಮಾಡಿ ನೆನಪಿಸುತ್ತಿದ್ದರು. ನಾನು ಹೂಟಗಳ್ಳಿಗೆ ಹೋದೆ. ಅಲ್ಲಿ ನಮ್ಮ ಪಕ್ಕದ ಊರಿನವನೊಬ್ಬ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ. ನಲವತ್ತೆರಡು ವಯಸ್ಸು, ಹೆಂಡತಿ, ಆರನೇ ಕ್ಲಾಸಿನಲ್ಲಿದ್ದ ಒಬ್ಬಳೇ ಮಗಳು. ಬಹಳ ದಿನದಿಂದ ‘ಮಾಡ್ಸಣ ಬುಡಿ ಅಕ್ಕ’ ಅನ್ನುತ್ತಿದ್ದವನು ಅವತ್ತು ಅರ್ಜಿ ತನ್ನಿ ಎಂದ.

ಹೆಂಡತಿ ಎರಡು ಸ್ಟೀಲ್ ಲೋಟಗಳಲ್ಲಿ ಕಾಫಿ ತಂದಿಟ್ಟಳು. ನಾನು ಹತ್ತಿರದ್ದನ್ನು ಎತ್ತಿ ಒಂದು ಗುಟುಕು ಕುಡಿದೆ. ಸಕ್ಕರೆಯೇ ಇಲ್ಲ, ಬರೀ ಕಹಿ. ನನ್ನ ಮುಖ ನೋಡಿ ಗಂಡ ಹೆಂಡತಿ ಇಬ್ಬರೂ ನಕ್ಕರು.

“ಅಯ್ಯೋ, ಅದು ಅವ್ರದು ಕಣಕ್ಕ, ಸಪ್ಪೆದು. ನಿಮ್ದು ಇದು” ಎಂದು ಅವಳು ಲೋಟ ಬದಲಾಯಿಸಿದಳು.

ಎರಡು ವರ್ಷದಿಂದ ತನಗೆ ಇದೇ ಗತಿ, ಶುಗರ್ ಮಾತ್ರೆ ನುಂಗಿ ನುಂಗಿ ಸಾಕಾಗಿದೆ ಎಂದು ಅವನೂ ಹೇಳಿದ. ಬೆಳಿಗ್ಗೆ ಎದ್ದು ನಡೆದಾಡು, ಮುದ್ದೆ ಉಣ್ಣು, ಅನ್ನ ಕಮ್ಮಿ ಮಾಡು ಎಂದು ನಾನು ದೊಡ್ಡ ಡಾಕ್ಟರ ಹಾಗೆ ಉಪದೇಶ ಮಾಡಿದೆ. ಆಮೇಲೆ ಪೆನ್ಸಿಲ್ ಮಾರ್ಕು ಹಾಕಿದೆ, ಅವನು ಸಹಿ ಹಾಕಿದ. ಹೊರಡುವಾಗ ಅವಳು ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದಳು.

ಮಾರನೇ ದಿನ ಬ್ರಾಂಚಿನ ಬೆಂಚಿನ ಮೇಲೆ ಕೂತು ಅರ್ಜಿ ತುಂಬಿದೆ. ಮೂರನೇ ಪುಟಕ್ಕೆ ಬಂದಾಗ ಕೈ ನಿಂತಿತು. ಇದನ್ನು ನಾನು ಒಪ್ಪಿಕೊಳ್ಳಬೇಕು, ಕೈ ನಿಂತಿತ್ತು. ನಾಲಿಗೆಯ ಮೇಲೆ ಆ ಕಹಿ ಇನ್ನೂ ಇದ್ದ ಹಾಗಿತ್ತು. ಸಕ್ಕರೆ ಕಾಯಿಲೆ ಇದೆ ಎಂದು ಬರೆದರೆ ರಕ್ತಪರೀಕ್ಷೆ, ಡಾಕ್ಟರ ವರದಿ, ದೊಡ್ಡ ಆಫೀಸಿನ ಒಪ್ಪಿಗೆ, ಎಲ್ಲ ಆಗುವ ಹೊತ್ತಿಗೆ ಏಪ್ರಿಲ್ ಬಂದಿರುತ್ತಿತ್ತು. ಕಂತು ಸ್ವಲ್ಪ ಹೆಚ್ಚಾಗುತ್ತಿತ್ತು, ಆದರೆ ಪಾಲಿಸಿ ಸಿಗುತ್ತಿತ್ತು. ನನಗೆ ಮಾತ್ರ ಕ್ಲಬ್ ಸಿಗುತ್ತಿರಲಿಲ್ಲ. ಅವನಿಗೇನು, ಗಟ್ಟಿಮುಟ್ಟಾಗಿದ್ದಾನೆ ಎಂದುಕೊಂಡೆ. ಇಲ್ಲ ಎಂದು ಬರೆದೆ. ಒಂದು ಬರೆದ ಮೇಲೆ ಉಳಿದ ಹತ್ತು ತಾವಾಗಿಯೇ ಬಂದವು. ಕೊನೆಯ ಪುಟದಲ್ಲಿ ಏಜೆಂಟರ ಗುಪ್ತ ವರದಿ ಎಂದು ಒಂದಿರುತ್ತದೆ. ಈ ವ್ಯಕ್ತಿಯನ್ನು ನಾನು ಬಲ್ಲೆ, ಇವರು ಆರೋಗ್ಯವಂತರು ಎಂದು ಅಲ್ಲಿ ನನ್ನ ಸಹಿಯನ್ನೂ ಹಾಕಿದೆ. ಆರನೇ ಗಡಿಯಾರ ಬಂತು.

ಹದಿನಾರು ತಿಂಗಳಿಗೆ ಅವನು ಹೋಗಿಬಿಟ್ಟ. ಬೆಳಗಿನ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ಎದೆನೋವು ಎಂದು ಕೂತವನು ಆಸ್ಪತ್ರೆಯಲ್ಲಿ ಒಂದು ದಿನವೂ ಉಳಿಯಲಿಲ್ಲ. ಸುದ್ದಿ ನನಗೂ ಬಂತು. ಮೊದಲು ನೆನಪಾದದ್ದು ಅವನ ಮುಖವಲ್ಲ, ಮೂರನೇ ಪುಟ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಹೋದೆ. ಅವನ ಹೆಂಡತಿ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಸುತ್ತ ಇದ್ದ ಹೆಂಗಸರೆಲ್ಲ, ಹೆದರಬೇಡ, ಅಕ್ಕ ಇನ್ಶೂರೆನ್ಸ್ ಮಾಡಿಸಿದ್ದಾರಲ್ಲ ಎಂದು ಅವಳಿಗೆ ಸಮಾಧಾನ ಹೇಳುತ್ತಿದ್ದರು. ನಾನಿದ್ದೀನಿ ಕಣಮ್ಮ ಎಂದು ನಾನೂ ಅಂದೆ.

ಅವಳಿಗೆ ಆ ದುಡ್ಡು ಯಾಕೆ ಬೇಕಿತ್ತು ಎಂದು ಹೇಳಿಬಿಡುತ್ತೇನೆ. ಅದು ಬಂದರೆ ಅವಳು ಮಗಳೊಂದಿಗೆ ಮೈಸೂರಿನಲ್ಲೇ ಉಳಿದು ಒಂದು ಟೈಲರಿಂಗ್ ಅಂಗಡಿ ಹಾಕಬಹುದಿತ್ತು. ಬರದಿದ್ದರೆ ಶಾಲೆಯ ವರ್ಷ ಮುಗಿದೊಡನೆ ಊರಿಗೆ, ಅಣ್ಣನ ಮನೆಗೆ. ಆ ಅಣ್ಣ ಆಗಲೇ ಒಂದು ಸಲ ಬಂದು ಮನೆಯ ಸಾಮಾನನ್ನೆಲ್ಲ ಕಣ್ಣಲ್ಲೇ ಅಳೆದು ಹೋಗಿದ್ದ. ಅತ್ತಿಗೆಯ ಕೈಕೆಳಗೆ ನಾನು ಬಾಳೋದು ಅಷ್ಟರಲ್ಲೇ ಇದೆ ಎಂದು ಅವಳು ನನ್ನೊಂದಿಗೆ ಹೇಳಿಕೊಂಡಿದ್ದಳು.

ಪಾಲಿಸಿ ಮಾಡಿಸಿ ಮೂರು ವರ್ಷ ತುಂಬುವ ಮೊದಲೇ ಸತ್ತರೆ ಕಂಪನಿ ವಿಚಾರಣೆ ಮಾಡುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಸಕ್ಕರೆ ಕಾಯಿಲೆ ಹಳೆಯದು ಎಂದು ಬರೆದಿತ್ತು. ನಮ್ಮ ಆಫೀಸರು ನನ್ನನ್ನು ಬ್ರಾಂಚಿನ ಹೊರಗೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ತಣ್ಣಗೆ ಹೇಳಿದರು: ನಿಮಗೆ ಗೊತ್ತಿರಲಿಲ್ಲ, ಅವರು ಮುಚ್ಚಿಟ್ಟರು, ಅಷ್ಟೇ. ಬೇರೆ ಏನಾದರೂ ಅಂದರೆ ನಿಮ್ಮ ಏಜೆನ್ಸಿ ಹೋಯಿತು, ಇಪ್ಪತ್ತೆರಡು ವರ್ಷದ ಕಮಿಷನ್ನೂ ಹೋಯಿತು. ಅಲ್ಲಿಂದ ಆಚೆ ಬಂದವಳು ಸ್ಕೂಟರಿನ ಪಕ್ಕ ನಿಂತೇ ಅವಳಿಗೆ ಫೋನ್ ಮಾಡಿದೆ.

“ಯಾರಾದ್ರೂ ಬಂದು ಕೇಳಿದ್ರೆ, ಶುಗರ್ ವಿಷ್ಯ ಅಕ್ಕಂಗೆ ನಾವು ಹೇಳಿರ್ಲಿಲ್ಲ ಅಂದ್ಬುಡು. ಅಷ್ಟು ಸಾಕು.”

ಅವಳು ಯಾಕೆ ಎಂದು ಕೇಳಲಿಲ್ಲ. “ಅಂಗಂದ್ರೆ ದುಡ್ಡು ಬತ್ತದಾ ಅಕ್ಕ?” ಎಂದಳು.

ಬರುತ್ತೆ ಎಂದೆ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರೇ ಮುಚ್ಚಿಟ್ಟರು ಎಂದು ಅವಳ ಬಾಯಲ್ಲೇ ಬಂದರೆ ಕಂಪನಿಗೆ ಬೇರೆ ಸಾಕ್ಷಿಯೇ ಬೇಕಾಗಿರಲಿಲ್ಲ.

ವಿಚಾರಣೆಗೆ ಬಂದವರು ಕನ್ನಡಕದ, ಮೆದು ಮಾತಿನ ಮನುಷ್ಯ. ನನ್ನನ್ನೂ ಕರೆಸಿದ್ದರು. ಹೂಟಗಳ್ಳಿಯ ಆ ಮನೆಯಲ್ಲಿ ಗೋಡೆಯ ಮೇಲೆ ಅವನ ಫೋಟೋ, ಅದಕ್ಕೆ ಗಂಧದ ಹಾರ. ಅದರ ಕೆಳಗಿನ ಕುರ್ಚಿಯಲ್ಲಿ ನಾನೇ ಕೂರಬೇಕಾಯಿತು, ಇದ್ದ ಇನ್ನೊಂದರಲ್ಲಿ ಅವರು ಕೂತಿದ್ದರು. ಅವರು ಕೇಳಿದರು. ಅವಳು ನಾನು ಕಲಿಸಿದ್ದನ್ನು ಒಂದಕ್ಷರ ತಪ್ಪದೆ ಹೇಳಿದಳು. ಹೇಳಿ, ಸರಿಯಾಗಿ ಹೇಳಿದೆನಾ ಎನ್ನುವಂತೆ ನನ್ನ ಕಡೆ ನೋಡಿದಳು. ಆಗ ಬಾಯಿ ಬಿಡಬಹುದಿತ್ತು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಬಿಡಿ, ಅದು ನೆಪ. ನಾಲಿಗೆ ಸರಿಯಾಗೇ ಇತ್ತು, ನನಗೆ ಭಯವಾಗಿತ್ತು.

ಅವರು ಹೇಳಿಕೆಯನ್ನು ಬರೆದು ಸಹಿ ಹಾಕಲು ಅವಳ ಮುಂದೆ ಇಟ್ಟರು. ಅವಳು ಪೆನ್ನು ಹಿಡಿದು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

“ಎಲ್ಲಿ ಹಾಕ್ಲಿ ಅಕ್ಕ?”

ನನ್ನ ಕೈ ತಾನಾಗಿ ಬ್ಯಾಗಿಗೆ ಹೋಗಿ ಪೆನ್ಸಿಲ್ ತೆಗೆಯಿತು. ಹಾಳೆಯ ಕೆಳಗೆ ಬಲಗಡೆ ಸಣ್ಣದೊಂದು ಇಂಟು ಮಾರ್ಕು ಹಾಕಿದೆ. ಅವಳು ಅದರ ಮೇಲೆ ಸಹಿ ಮಾಡಿದಳು. ಕನ್ನಡಕದ ಮನುಷ್ಯ ನನ್ನನ್ನು ಒಂದು ಕ್ಷಣ ನೋಡಿ, ಹಾಳೆಯನ್ನು ಫೈಲಿಗೆ ಸೇರಿಸಿದರು. ಆಮೇಲೆ ಮೂವರಿಗೂ ಕಾಫಿ ಬಂತು. ನನ್ನದಕ್ಕೆ ಸಕ್ಕರೆ ಸ್ವಲ್ಪ ಮುಂದಾಗಿಯೇ ಇತ್ತು.

ಎರಡು ತಿಂಗಳ ನಂತರ ಕಂಪನಿಯ ಕಾಗದ ಬಂತು. ಅವಳು ಬಸ್ಸು ಹಿಡಿದು ಒಂಟಿಕೊಪ್ಪಲಿಗೆ ಅದನ್ನು ನನ್ನ ಹತ್ತಿರ ಓದಿಸಲು ತಂದಳು. ಅವಳಿಗೆ ಕನ್ನಡ ಓದಲು ಬರುತ್ತದೆ, ಆದರೆ ಕಾಗದ ಇಂಗ್ಲಿಷಿನಲ್ಲಿತ್ತು. ದುಡ್ಡು ಕೊಡಲು ಬರುವುದಿಲ್ಲ, ಪಾಲಿಸಿದಾರರು ಬೇಕೆಂದೇ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ ಎಂದಿತ್ತು. ಬೇಕೆಂದೇ ಮುಚ್ಚಿಡುವುದು ಅಂದರೇನು ಎಂದು ಕೇಳಿದಳು. ಗೊತ್ತಿದ್ದೂ ಸುಳ್ಳು ಹೇಳುವುದು ಎಂದೆ.

“ಅವ್ರು ಅಂಥೋರಲ್ಲ ಅಕ್ಕ” ಎಂದಳು. ದುಡ್ಡು ಬರಲಿಲ್ಲ ಎಂದಾಗ ಅಳದವಳು ಇದಕ್ಕೆ ಅತ್ತಳು. ನಮ್ಮ ನಡುಮನೆಯಲ್ಲಿ ಆರು ಗಡಿಯಾರಗಳೂ ಟಿಕ್ ಟಿಕ್ ಅನ್ನುತ್ತಿದ್ದವು. ಅವನ್ನೆಲ್ಲ ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು. ಸತ್ತವನು ಲೋಟ ಹಿಡಿದು ನಗುನಗುತ್ತಾ ನಿಜ ಹೇಳಿದ್ದ. ಅವನನ್ನು ಸುಳ್ಳುಗಾರ ಮಾಡಿದ್ದು ನನ್ನ ದುಂಡಗಿನ ಅಕ್ಷರ.

ಮೇಲಿನವರಿಗೆ ಮನವಿ ಬರೆಯಬಹುದು ಎಂದೆ. ನೀವೇ ಬರೀರಿ ಅಕ್ಕ, ಎಂದಿನ ಹಾಗೆ ಸೈನ್ ಹಾಕ್ತೀನಿ ಎಂದು ಅವಳು ಹೋದಳು. ಎರಡು ಬೆಳಗು ಕೂತು ಬರೆದೆ, ಹರಿದೆ, ಮತ್ತೆ ಬರೆದೆ. ಬ್ರಾಂಚಿನ ಹಳೇ ಗುಮಾಸ್ತರನ್ನು ಸುಮ್ಮನೆ ಕೇಳುವಂತೆ ಕೇಳಿದೆ, ಏಜೆಂಟೇ ತಪ್ಪು ಬರೆದದ್ದು ಎಂದು ಒಪ್ಪಿಕೊಂಡರೆ ದುಡ್ಡು ಬರುತ್ತದೆಯೇ ಎಂದು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಯಾರು ತುಂಬಿದರೂ ಸಹಿ ಹಾಕಿದವರದೇ ಜವಾಬ್ದಾರಿ ಎಂದು ಕಂಪನಿಯವರು ವಾದಿಸುತ್ತಾರೆ, ಆದರೆ ಏಜೆಂಟ್ ಮಾತ್ರ ಗ್ಯಾರಂಟಿ ಮನೆಗೆ ಎಂದು ನಕ್ಕರು. ಬರೆದರೆ ನಾನು ಮುಳುಗುವುದು ಖಂಡಿತ, ಅವಳು ಮೇಲೇಳುವುದು ಖಂಡಿತವಲ್ಲ. ಬರೆಯದಿದ್ದರೆ ಅವಳು ಮುಳುಗುವುದು ಖಂಡಿತ. ಹೀಗೆ ತೂಗಿ ನೋಡುತ್ತಾ ಕೂತಿದ್ದ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಗಂಡ ವ್ಯಾನ್ ನಿಲ್ಲಿಸಿ ಬಂದು ಹಾಳೆಗಳನ್ನು ಓದಿದರು. ಇದನ್ನು ಕೊಟ್ಟರೆ ನಾಳೆಯಿಂದ ಏನು ಮಾಡುತ್ತೀಯ ಎಂದರು. ಗೊತ್ತಿಲ್ಲ ಎಂದೆ. ಅವರು ಹಾಳೆಗಳನ್ನು ಜೋಡಿಸಿ ಪಿನ್ ಹೊಡೆದುಕೊಟ್ಟರು.

ಹೂಟಗಳ್ಳಿಗೆ ಹೋದಾಗ ಅವಳು ಬಟ್ಟೆ ಹೊಲಿಯುತ್ತಿದ್ದಳು. ನನ್ನನ್ನು ಕಂಡು, ಬನ್ನಿ ಅಕ್ಕ, ಕಾಫಿಗೆ ಇಡ್ತೀನಿ ಎಂದು ಏಳಹೊರಟಳು. ಮೊದಲು ಇದನ್ನು ಕೇಳು ಎಂದು ಕೂರಿಸಿದೆ. ಅವಳು ಪೆನ್ನಿಗೆ ಕೈಚಾಚಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಸಹಿಗೆ ಮುಂಚೆ ನಾನು ಬರೆದದ್ದನ್ನು ಒಬ್ಬರಿಗೆ ಓದಿ ಹೇಳಿದೆ.

ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಪಾಲಿಸಿದಾರರು ಏಜೆಂಟರಿಗೆ ತಮ್ಮ ಮನೆಯಲ್ಲೇ ಹೇಳಿದ್ದರು, ಏಜೆಂಟರು ಅದು ಗೊತ್ತಿದ್ದೂ ಅರ್ಜಿಯಲ್ಲಿ ಇಲ್ಲ ಎಂದು ಬರೆದರು ಎಂಬಲ್ಲಿಗೆ ಬಂದಾಗ ಅವಳು ಕೈ ಎತ್ತಿ ತಡೆದಳು. ಇನ್ನೊಂದು ಸಲ ಓದಿ ಎಂದಳು. ಓದಿದೆ.

“ಅವ್ರು ಹೇಳಿದ್ರಲ್ಲ. ನೀವು ಅವ್ರ ಲೋಟದಲ್ಲೇ ಕುಡಿದ್ರಲ್ಲ. ಬರೀಲಿಲ್ವಾ?”

“ಇಲ್ಲ” ಎಂದೆ.

ಅವಳು ಇಷ್ಟು ದಿನ ನಾನು ಬರೆದಿದ್ದೇನೆ ಎಂದೇ ತಿಳಿದಿದ್ದಳು. ಕಂಪನಿಯವರು ಏನೋ ನೆಪ ತೆಗೆಯುತ್ತಿದ್ದಾರೆ, ಅಕ್ಕ ಅವರೊಂದಿಗೆ ನಮ್ಮ ಪರವಾಗಿ ಜಗಳವಾಡುತ್ತಿದ್ದಾಳೆ ಎಂದು.

“ಮತ್ತೆ ಆ ಸಾಹೇಬ್ರ ಮುಂದೆ ನನ್ ಬಾಯಲ್ಲಿ ಅಂಗೆ ಹೇಳ್ಸಿದ್ದು?”

“ನನ್ನ ಏಜೆನ್ಸಿ ಉಳೀಲಿ ಅಂತ.”

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ತಾನೇ ಓದಿದಳು. ಬಹಳ ಹೊತ್ತು ಹಿಡಿಯಿತು. ಒಳಗೆ ಕೋಣೆಯಲ್ಲಿ ಮಗಳು ಪಾಠ ಗಟ್ಟಿ ಮಾಡುತ್ತಿದ್ದಳು. ಸಹಿಯ ಜಾಗದಲ್ಲಿ ನಾನು ಮಾರ್ಕು ಹಾಕಿರಲಿಲ್ಲ. ಅವಳು ಎಲ್ಲಿ ಎಂದು ಕೇಳಲಿಲ್ಲ. ತಾನೇ ಹುಡುಕಿ ಸಹಿ ಹಾಕಿ, ಹಾಳೆಗಳನ್ನು ನನ್ನ ಕಡೆ ತಳ್ಳಿ, ಮತ್ತೆ ಹೊಲಿಗೆ ಮಷೀನಿನ ಮುಂದೆ ಕೂತಳು.

ನಾನು ಎದ್ದೆ. ಬಾಗಿಲವರೆಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಹಿಂದಿನಿಂದ ಕೇಳಿದಳು.

“ಇದನ್ನ ಯಾವತ್ತು ಕೊಡ್ತೀರ, ಮೇಡಂ?”

ನಾಳೆ ಬೆಳಿಗ್ಗೆ ಎಂದೆ.